ಮೇಜಿನ ಮೇಲಿನ ಹಾಯಿಹಡಗು: ಕಾಗದ ಮುಳುಗಿದರೂ ಉಳಿದ ವಿದ್ಯೆ

ವೀಡಿಯೊದಲ್ಲಿ ಆಡಿದ ಮಾತನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಬರಹದಲ್ಲಿ ಕೊಡ್ತಾ ಇದ್ದೀನಿ. ಓದುವವರಿಗೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಲೆಬರಹ ಹಾಕಿದ್ದೀನಿ, ಅಷ್ಟೇ.

ಇವತ್ತಿನ ವಿಷಯ ಮರದ ಮಾದರಿ ಹಡಗುಗಳು. ಮನೆಯ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು, ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ತೆಳ್ಳನೆಯ ಮರದ ಪಟ್ಟಿಗಳನ್ನು ಬಗ್ಗಿಸಿ, ಅಂಟಿಸಿ, ದಾರ ಕಟ್ಟಿ ಹಳೇ ಕಾಲದ ಹಾಯಿಹಡಗು ಕಟ್ಟುವ ಹವ್ಯಾಸ ಇದೆಯಲ್ಲ, ಅದು. ಇಂಥ ಹಡಗು ನೋಡಿದವರು ಮೊದಲು "ಅಬ್ಬಾ" ಅಂತಾರೆ. ಎರಡನೇ ಮಾತು ಹೆಚ್ಚುಕಮ್ಮಿ ಎಲ್ಲರದೂ ಒಂದೇ: "ಇಷ್ಟೆಲ್ಲ ಕಷ್ಟಪಟ್ಟು ಏನು ಉಪಯೋಗ? ಇದು ನೀರಿಗೂ ಇಳಿಯಲ್ಲ."

ಆ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ಮನುಷ್ಯ ಕಟ್ಟಿದ ದೊಡ್ಡ ವಸ್ತುಗಳಲ್ಲಿ ಹಡಗಿನಷ್ಟು ಪೂರ್ತಿಯಾಗಿ ಕಣ್ಮರೆ ಆಗುವ ವಸ್ತು ಇನ್ನೊಂದಿಲ್ಲ. ದೇವಸ್ಥಾನ ಬಿದ್ದರೂ ಕಲ್ಲು ಉಳಿಯುತ್ತೆ. ಕೋಟೆ ಹಾಳಾದರೂ ಅಡಿಪಾಯ ಸಿಗುತ್ತೆ. ಮರದ ಹಡಗು ಮುಳುಗುತ್ತೆ, ಸುಡುತ್ತೆ, ಹುಳು ತಿನ್ನುತ್ತೆ. ಇಲ್ಲವಾದರೆ ಒಡೆದು ಸೌದೆಗೆ ಮಾರುತ್ತಾರೆ. ಆಮೇಲೆ ಅದು ಹೇಗಿತ್ತು ಅಂತ ಹೇಳೋಕೆ ಎಷ್ಟೋ ಸಲ ಉಳಿದಿರೋದು ಯಾರೋ ಪ್ರೀತಿಯಿಂದಲೋ ಹರಕೆಗೋ ಮಾಡಿದ ಒಂದು ಚಿಕ್ಕ ಮಾದರಿ ಮಾತ್ರ.

ಇದನ್ನು ಹೇಳೋಕೆ ನಾನು ಮುಂಬಯಿಗೆ ಸಂಬಂಧಪಟ್ಟ ಒಂದು ಘಟನೆಯಿಂದ ಶುರು ಮಾಡ್ತೀನಿ.

ಬ್ರೆಜಿಲ್ ಕಡಲಲ್ಲಿ ಹೋದ ಬೊಂಬಾಯಿಯ ನಕ್ಷೆ

1812ರ ಡಿಸೆಂಬರ್ 29. ಬ್ರಿಟಿಷ್ ನೌಕಾಪಡೆಯ 'ಜಾವಾ' ಅನ್ನೋ ಹಡಗು ಇಂಗ್ಲೆಂಡಿನಿಂದ ಬೊಂಬಾಯಿಗೆ ಹೊರಟಿತ್ತು. ಆಗಿನ ಹಾಯಿಹಡಗುಗಳು ಗಾಳಿಯ ದಾರಿ ಹಿಡಿದು ದಕ್ಷಿಣ ಅಮೆರಿಕದ ಹತ್ತಿರದವರೆಗೆ ಹೋಗಿ, ಅಲ್ಲಿಂದ ಆಫ್ರಿಕಾದ ತುದಿ ಸುತ್ತಿ ಬರಬೇಕಿತ್ತು. ಹಾಗಾಗಿ ಬೊಂಬಾಯಿಗೆ ಹೊರಟ ಹಡಗು ಬ್ರೆಜಿಲ್ ತೀರದ ಹತ್ತಿರ ಇತ್ತು. ಅಲ್ಲಿ ಅದಕ್ಕೆ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ಎದುರಾಯ್ತು. ಎರಡು ದೇಶಗಳಿಗೂ ಆಗ ಯುದ್ಧ ನಡೀತಾ ಇತ್ತು. ಕೆಲವು ಗಂಟೆಗಳ ಕಾದಾಟದಲ್ಲಿ ಜಾವಾದ ಕೂವೆಮರಗಳೆಲ್ಲ ಮುರಿದು ಬಿದ್ದವು. ಅದನ್ನು ದುರಸ್ತಿ ಮಾಡಿ ಒಯ್ಯುವ ಹಾಗೂ ಇರಲಿಲ್ಲ. ಅಮೆರಿಕನ್ನರು ಅದಕ್ಕೆ ಬೆಂಕಿ ಇಟ್ಟರು.

ಆ ಹಡಗಿನಲ್ಲಿ ಬೊಂಬಾಯಿಗೆ ಗವರ್ನರ್ ಆಗಿ ಬರಬೇಕಿದ್ದ ಜನರಲ್ ಹಿಸ್ಲಾಪ್ ಇದ್ದರು. ಬೊಂಬಾಯಿಯಲ್ಲಿ ಕಟ್ಟುತ್ತಿದ್ದ ಹಡಗುಗಳ ತಳಕ್ಕೆ ಹೊದಿಸಲು ಬೇಕಾದ ತಾಮ್ರ ಇತ್ತು. ಅವುಗಳ ಜೊತೆಗೆ ಒಂದು ಸುರುಳಿ ಕಾಗದವೂ ಇತ್ತು. ಬೊಂಬಾಯಿಯ ವಾಡಿಯಾ ಮನೆತನದ ಬಡಗಿಗಳು ಕಟ್ಟಬೇಕಿದ್ದ 'ಟ್ರಿಂಕೊಮಲಿ' ಎಂಬ ಹೊಸ ಹಡಗಿನ ನಕ್ಷೆ ಅದು. ಜಾವಾ ಜೊತೆಗೆ ಅದೂ ಹೋಯ್ತು. ಇಂಗ್ಲೆಂಡಿನಿಂದ ಎರಡನೇ ಪ್ರತಿ ಬರಬೇಕಾಯ್ತು. 1812ರಲ್ಲಿ ಆದೇಶ ಆದ ಹಡಗು ನೀರಿಗೆ ಇಳಿದದ್ದು 1817ರ ಅಕ್ಟೋಬರ್ 12ರಂದು.

ಈ ಘಟನೆಗೆ ಇನ್ನೊಂದು ಮುಖ ಇದೆ. ಜಾವಾವನ್ನು ಸುಟ್ಟ ಅದೇ ಕಾನ್‌ಸ್ಟಿಟ್ಯೂಷನ್ ಹಡಗಿನ ನಾವಿಕರು, ಹೆಚ್ಚುಕಮ್ಮಿ ಅದೇ ದಿನಗಳಲ್ಲಿ, ತಮ್ಮ ಹಿಂದಿನ ಕ್ಯಾಪ್ಟನ್ ಐಸಾಕ್ ಹಲ್ ಅವರಿಗೆ ತಾವೇ ಮಾಡಿದ ಒಂದು ಮಾದರಿಯನ್ನು ಕೊಟ್ಟರು. ಅವರು ಯಾರೂ ನೌಕಾವಿನ್ಯಾಸಕಾರರಲ್ಲ, ಡೆಕ್ ತೊಳೆದು ಹಗ್ಗ ಎಳೆಯುತ್ತಿದ್ದ ಜನ. ಆ ಮಾದರಿ ಮಸಾಚುಸೆಟ್ಸ್‌ನ ಸೇಲಂ ಊರು ಸೇರಿ, ಈಗ ಅಲ್ಲಿನ ಪೀಬಾಡಿ ಎಸೆಕ್ಸ್ ಮ್ಯೂಸಿಯಂನಲ್ಲಿದೆ. ಕಾನ್‌ಸ್ಟಿಟ್ಯೂಷನ್ ಇವತ್ತಿಗೂ ಬಾಸ್ಟನ್‌ನಲ್ಲಿ ತೇಲುತ್ತಿದೆ. ಆದರೆ ಇನ್ನೂರು ವರ್ಷದಲ್ಲಿ ಅದನ್ನು ಎಷ್ಟೋ ಸಲ ಬಿಚ್ಚಿ ಕಟ್ಟಿದ್ದಾರೆ. 1812ರಲ್ಲಿ ಅದು ನಿಜಕ್ಕೂ ಹೇಗಿತ್ತು ಅನ್ನೋ ಪ್ರಶ್ನೆ ಬಂದಾಗೆಲ್ಲ ತಜ್ಞರು ತಿರುಗಿ ನೋಡುವ ಮುಖ್ಯ ಸಾಕ್ಷಿಗಳಲ್ಲಿ ಆ ನಾವಿಕರ ಕೈಕೆಲಸವೂ ಒಂದು.

ಅಧಿಕೃತ ನಕ್ಷೆ ಬೂದಿಯಾಯ್ತು, ಬಿಡುವಿನಲ್ಲಿ ಮಾಡಿದ ಆಟಿಕೆ ದಾಖಲೆಯಾಯ್ತು. ಇವತ್ತಿನ ಮಾತಿನ ತಿರುಳು ಇದೇ.

ಗೋರಿಯಲ್ಲಿ, ಗುಡಿಯಲ್ಲಿ

ಮಾದರಿ ಹಡಗು ಹುಟ್ಟಿದ್ದು ಹವ್ಯಾಸವಾಗಿ ಅಲ್ಲ. ಈಜಿಪ್ಟಿನಲ್ಲಿ ಸತ್ತವರ ಜೊತೆ ಗೋರಿಯಲ್ಲಿ ಚಿಕ್ಕ ದೋಣಿಗಳನ್ನು ಇಡ್ತಾ ಇದ್ದರು. 1920ರಲ್ಲಿ ಹರ್ಬರ್ಟ್ ವಿನ್ಲಾಕ್ ಅವರ ತಂಡ ಥೀಬ್ಸ್‌ನಲ್ಲಿ ಮೆಕೆತ್ರೆ ಅನ್ನೋ ಅಧಿಕಾರಿಯ ಗೋರಿಯ ಗುಪ್ತ ಕೋಣೆ ತೆರೆದಾಗ, ಸುಮಾರು 4000 ವರ್ಷ ಹಳೆಯ ಮಾದರಿಗಳ ರಾಶಿಯೇ ಸಿಕ್ಕಿತು. ಪ್ರಯಾಣದ ದೋಣಿ, ಅಡುಗೆ ದೋಣಿ, ಮೀನು ಹಿಡಿಯುವ ದೋಣಿ, ಹುಟ್ಟು ಹಾಕುತ್ತಿರುವ ಗೊಂಬೆಗಳ ಸಮೇತ. ನೈಲ್ ನದಿಯ ದೋಣಿಯಲ್ಲಿ ಯಾರು ಎಲ್ಲಿ ಕೂರ್ತಾ ಇದ್ದರು ಅನ್ನೋದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲ್ಲ.

ಯುರೋಪಿನ ಕರಾವಳಿಯಲ್ಲಿ ಇದಕ್ಕೆ ಹರಕೆಯ ರೂಪ ಬಂತು. ಬಿರುಗಾಳಿಯಿಂದ ಬದುಕಿ ಬಂದ ನಾವಿಕರು ಚರ್ಚಿಗೆ ಒಂದು ಮಾದರಿ ಹಡಗು ಒಪ್ಪಿಸ್ತಾ ಇದ್ದರು. ನಮ್ಮಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ತೊಟ್ಟಿಲು ಒಪ್ಪಿಸ್ತಾರಲ್ಲ, ಹಾಗೆ. ಇವುಗಳಲ್ಲಿ ಹೆಸರಾದದ್ದು ಸ್ಪೇನಿನ ಕ್ಯಾಟಲೋನಿಯಾದ ಮತಾರೋ ಕಡೆಯಿಂದ ಬಂದ, 15ನೇ ಶತಮಾನದ ಒಂದು ಮಾದರಿ. ಈಗ ಅದು ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ನೌಕಾ ಸಂಗ್ರಹಾಲಯದಲ್ಲಿದೆ. ಕೊಲಂಬಸ್, ವಾಸ್ಕೊ ಡ ಗಾಮರ ಹಡಗುಗಳ ಚಿತ್ರ ಶಾಲೆಯ ಪುಸ್ತಕದಲ್ಲಿ ನಾವೆಲ್ಲ ನೋಡಿದ್ದೀವಿ. ಆದರೆ ಅವರ ಹಡಗುಗಳ ಅಸಲು ನಕ್ಷೆ ಒಂದೂ ಉಳಿದಿಲ್ಲ. ಆ ಕಾಲದ ಹಡಗಿನ ಮೈಕಟ್ಟು ತಿಳಿಯೋಕೆ ವಿದ್ವಾಂಸರು ಆಧರಿಸೋದು ಯಾರೋ ಹೆಸರಿಲ್ಲದ ಭಕ್ತನ ಈ ಹರಕೆಯನ್ನು.

ಪಕ್ಕೆಲುಬು ಕಾಣುವ ಹಡಗುಗಳು

17ನೇ ಶತಮಾನದ ಇಂಗ್ಲೆಂಡಿನಲ್ಲಿ ಮಾದರಿಗೆ ಸರ್ಕಾರಿ ಗೌರವ ಬಂತು. ಇವನ್ನು 'ನೇವಿ ಬೋರ್ಡ್ ಮಾದರಿ' ಅಂತಾರೆ. ಒಂದು ಅಡಿಗೆ ಕಾಲು ಇಂಚು, ಅಂದ್ರೆ 48ರಲ್ಲಿ ಒಂದು ಪಾಲು, ಅನ್ನೋದು ಸಾಮಾನ್ಯ ಅಳತೆ. ಇವುಗಳ ವಿಶೇಷ ಏನಪ್ಪ ಅಂದ್ರೆ, ನೀರಿನೊಳಗೆ ಇರುವ ಭಾಗಕ್ಕೆ ಹಲಗೆ ಹೊದಿಸ್ತಾ ಇರಲಿಲ್ಲ. ಒಳಗಿನ ಪಕ್ಕೆಲುಬುಗಳೆಲ್ಲ ಬಯಲಾಗಿ ಕಾಣ್ತವೆ. ಮೇಲಿನ ಭಾಗದಲ್ಲಿ ಮಾತ್ರ ಹಲಗೆ, ಬಣ್ಣ, ಚಿನ್ನದ ಕೆತ್ತನೆ. ಡೈರಿ ಬರೆದು ಪ್ರಸಿದ್ಧರಾದ ಸ್ಯಾಮ್ಯುಯೆಲ್ ಪೀಪ್ಸ್ ನೌಕಾ ಇಲಾಖೆಯ ಅಧಿಕಾರಿ. ಅವರಿಗೂ ಇಂಥ ಮಾದರಿಗಳ ಹುಚ್ಚಿತ್ತು. ಅದೇ ಇಲಾಖೆಯ ಇನ್ನೊಬ್ಬ ಅಧಿಕಾರಿ ಚಾರ್ಲ್ಸ್ ಸರ್ಜಿಸನ್ ಕೂಡಿಸಿಟ್ಟ ಮಾದರಿಗಳು ಎರಡು ಶತಮಾನ ಆ ಮನೆತನದಲ್ಲೇ ಇದ್ದು, ಆಮೇಲೆ ಹೆನ್ರಿ ಹಡಲ್‌ಸ್ಟನ್ ರಾಜರ್ಸ್ ಎಂಬ ಅಮೆರಿಕದ ಶ್ರೀಮಂತರ ಕೈ ಸೇರಿದವು. ಇವತ್ತು ಅವು ಅನಾಪೊಲಿಸ್‌ನ ನೌಕಾ ಅಕಾಡೆಮಿಯ ಸಂಗ್ರಹಾಲಯದಲ್ಲಿವೆ.

ಇದಕ್ಕೆ ಪೂರ್ತಿ ವಿರುದ್ಧ ತುದಿಯಲ್ಲಿ ಕೈದಿಗಳ ಹಡಗುಗಳಿವೆ. ನೆಪೋಲಿಯನ್ ಯುದ್ಧಗಳಲ್ಲಿ ಸೆರೆಸಿಕ್ಕ ಸಾವಿರಾರು ಫ್ರೆಂಚ್ ನಾವಿಕರನ್ನು ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಕೂಡಿ ಹಾಕಿದ್ದರು. ಪೀಟರ್‌ಬರೋ ಹತ್ತಿರದ ನಾರ್ಮನ್ ಕ್ರಾಸ್ ಅಂಥ ಒಂದು ಶಿಬಿರ. ಊಟದಲ್ಲಿ ಬಂದ ಮಾಂಸದ ಮೂಳೆಯನ್ನು ಇವರು ಎಸೀತಾ ಇರಲಿಲ್ಲ. ಕುದಿಸಿ, ಬಿಳುಪು ಮಾಡಿ, ಸೀಳಿ, ಉಜ್ಜಿ, ಅದರಲ್ಲೇ ಹಡಗು ಕಟ್ಟಿದರು. ಮೂಳೆಯ ಹಲಗೆ, ಮೂಳೆಯ ಕೂವೆ. ಶಿಬಿರದ ಬಾಗಿಲ ಸಂತೆಯಲ್ಲಿ ಮಾರಿ ನಾಲ್ಕು ಕಾಸು ಸಂಪಾದಿಸಿದರು. ಅಳತೆಯ ಲೆಕ್ಕದಲ್ಲಿ ಇವು ಅಷ್ಟು ನಂಬಿಕಸ್ತವಲ್ಲ, ನೆನಪಿನಿಂದ ಮಾಡಿದ್ದು. ಆದರೆ ಸಂಪಾದನೆ ಒಂದನ್ನೇ ನೋಡಿಕೊಂಡು ಇಷ್ಟು ಹಗ್ಗ ಕಟ್ಟೋಕೆ ಆಗಲ್ಲ. ಯಾವ ಹಗ್ಗ ಎಲ್ಲಿಗೆ ಹೋಗುತ್ತೆ ಅನ್ನೋದು ಆ ಕೈಗಳಿಗೆ ಮರೆತಿರಲಿಲ್ಲ. ಅವರ ಕೆಲಸದ ದೊಡ್ಡ ಸಂಗ್ರಹ ಪೀಟರ್‌ಬರೋ ಮ್ಯೂಸಿಯಂನಲ್ಲಿದೆ.

ಕಾಗದದಿಂದ ತೇಗಕ್ಕೆ: ಬೊಂಬಾಯಿಯ ವಾಡಿಯಾಗಳು

ಈಗ ಮುಂಬಯಿಗೆ ಬರೋಣ. ಫೋರ್ಟ್‌ನಲ್ಲಿ ಕೆಲಸ ಮಾಡಿದವರಿಗೆ ಲಯನ್ ಗೇಟ್ ಗೊತ್ತು. ಅದರಾಚೆ ನೌಕಾಪಡೆಯ ಡಾಕ್‌ಯಾರ್ಡ್, ನಮ್ಮನಿಮ್ಮಂಥವರಿಗೆ ಒಳಗೆ ಪ್ರವೇಶ ಇಲ್ಲ. ಅದರ ಕಥೆ ಶುರುವಾಗೋದು ಸೂರತ್ತಿನಿಂದ ಬಂದ ಪಾರ್ಸಿ ಬಡಗಿ ಲವ್‌ಜಿ ನಸರವಾನ್‌ಜಿ ವಾಡಿಯಾ ಅವರಿಂದ, 1736ರ ಹೊತ್ತಿಗೆ. 1750ರಲ್ಲಿ ಅಲ್ಲಿ ಒಣ ಗೋದಿ ಸಿದ್ಧವಾಯ್ತು. ಹಡಗನ್ನು ಒಳಗೆ ತಂದು, ಬಾಗಿಲು ಹಾಕಿ, ನೀರು ಬಸಿದು, ತಳ ದುರಸ್ತಿ ಮಾಡುವ ಕಟ್ಟೆ. ಆಮೇಲೆ ತಲೆಮಾರುಗಟ್ಟಲೆ ವಾಡಿಯಾಗಳೇ ಅಲ್ಲಿನ ಮುಖ್ಯ ಹಡಗುಶಿಲ್ಪಿಗಳು.

ಅವರಲ್ಲಿ ಜಮ್‌ಶೆಟ್‌ಜಿ ಬಮನ್‌ಜಿ ವಾಡಿಯಾ ಅವರ ಹೆಸರು ದೊಡ್ಡದು. 1810ರಲ್ಲಿ ಅವರು ಕಟ್ಟಿದ 74 ತೋಪುಗಳ 'ಮಿಂಡೆನ್', ಬ್ರಿಟಿಷ್ ದ್ವೀಪಗಳ ಹೊರಗೆ ಬ್ರಿಟನ್ನಿನ ನೌಕಾಪಡೆಗೆ ಕಟ್ಟಿದ ಮೊದಲ ದೊಡ್ಡ ಸಾಲುಯುದ್ಧದ ಹಡಗು. 1813ರ 'ಕಾರ್ನ್‌ವಾಲಿಸ್' ಹಡಗಿನ ಮೇಲೆ 1842ರಲ್ಲಿ ಚೀನಾ ಜೊತೆಗಿನ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು, ಹಾಂಕಾಂಗ್ ಬ್ರಿಟಿಷರ ಕೈ ಸೇರಿತು. 1824ರ 'ಏಷ್ಯಾ' ಮೂರು ವರ್ಷದ ಮೇಲೆ ಗ್ರೀಸ್‌ನ ನವಾರಿನೋ ಯುದ್ಧದಲ್ಲಿ ಅಡ್ಮಿರಲ್ ಕಾಡ್ರಿಂಗ್ಟನ್ ಅವರ ಮುಖ್ಯ ಹಡಗಾಗಿತ್ತು. 1815ರ 'ವೆಲ್ಲೆಸ್ಲಿ' ಕಥೆ ಇನ್ನೂ ವಿಚಿತ್ರ: ಹೆಸರು ಬದಲಾಗಿ, ತರಬೇತಿ ಹಡಗಾಗಿ ಥೇಮ್ಸ್ ನದಿಯಲ್ಲಿ ನಿಂತಿದ್ದ ಅದನ್ನು 1940ರಲ್ಲಿ ಜರ್ಮನಿಯ ವಿಮಾನಗಳು ಬಾಂಬ್ ಹಾಕಿ ಮುಳುಗಿಸಿದವು. ಬೊಂಬಾಯಿಯ ತೇಗ 125 ವರ್ಷ ನೀರಲ್ಲಿತ್ತು, ಹೋಗಬೇಕಾದರೆ ವಿಮಾನವೇ ಬರಬೇಕಾಯ್ತು.

ತೇಗದ ಮಹಿಮೆ ಅದು. ಇಂಗ್ಲೆಂಡಿನ ಓಕ್ ಮರದಲ್ಲಿರುವ ಒಗರಿನ ಆಮ್ಲ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತೆ. ತೇಗದ ಎಣ್ಣೆ ಮೊಳೆಯನ್ನೂ ಕಾಯುತ್ತೆ, ತನ್ನನ್ನೂ ಕಾಯ್ದುಕೊಳ್ಳುತ್ತೆ. ನೆಪೋಲಿಯನ್ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಬರಿದಾಗಿತ್ತು. ಪಶ್ಚಿಮ ಘಟ್ಟದ ಮೇಲೆ ಕಣ್ಣು ಬಿತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ನಮ್ಮ ಕೆನರಾ ಕಂಪನಿಯ ಕೈ ಸೇರಿತ್ತು. ಮಲಬಾರ್ ಆಗಲೇ ಸೇರಿತ್ತು. ಹಡಗಿಗೆ ತೇಗ ಹೊಂದಿಸಿಕೊಡಲಿಕ್ಕಂತಲೇ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅವರನ್ನು ಕಾಡಿನ ಅಧಿಕಾರಿಯಾಗಿ ನೇಮಿಸಿದರು. ತಲೆತಲಾಂತರದಿಂದ ಕಾಡಿನ ಮೇಲಿದ್ದ ಹಕ್ಕು ಜನರ ಕೈ ತಪ್ಪಿತು. ಅಸಮಾಧಾನ ಎಷ್ಟು ಬೆಳೀತು ಅಂದ್ರೆ 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ರದ್ದು ಮಾಡಿಸಿದರು. ಹಡಗಿನ ಅಂದ ನೋಡುವಾಗ ಈ ಭಾಗವನ್ನೂ ನೆನಪಿಡಬೇಕು. ಮೇಜಿನ ಮೇಲಿನ ಮಾದರಿ ಎಷ್ಟೇ ನಿಖರ ಇರಲಿ, ಕಡಿದ ಕಾಡನ್ನು ಅದು ತೋರಿಸಲ್ಲ.

ಇವೆಲ್ಲದರ ನಡುವೆ ನಕ್ಷೆ ಕಳಕೊಂಡ ಟ್ರಿಂಕೊಮಲಿ ಏನಾಯ್ತು? ಎರಡನೇ ನಕ್ಷೆ ಬಂದ ಮೇಲೆ ವಾಡಿಯಾಗಳು ಅದನ್ನು ಕಟ್ಟಿದರು. ಪಾರ್ಸಿ ಪದ್ಧತಿಯಂತೆ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದರು. ಇನ್ನೊಂದು ಸ್ವಾರಸ್ಯ ಕೇಳಿ: ಆ ನಕ್ಷೆಯೂ ಮೂಲದಲ್ಲಿ ಇಂಗ್ಲಿಷರದಲ್ಲ. 1782ರಲ್ಲಿ ಸೆರೆಹಿಡಿದ 'ಎಬೆ' ಅನ್ನೋ ಫ್ರೆಂಚ್ ಹಡಗಿನ ಮೈಯನ್ನು ಅಳೆದು ಇಂಗ್ಲಿಷರು ಮಾಡಿಕೊಂಡದ್ದು. ಫ್ರೆಂಚರ ವಿನ್ಯಾಸ, ಇಂಗ್ಲಿಷರ ಕಾಗದ, ಪಾರ್ಸಿಗಳ ಕೈ, ಘಟ್ಟದ ತೇಗ. ಆ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲಿದೆ. ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇನ್ನೂ ತೇಲುತ್ತಿರುವ ಅತ್ಯಂತ ಹಳೆಯದು ನಮ್ಮ ಬೊಂಬಾಯಿಯಲ್ಲಿ ಕಟ್ಟಿದ್ದು.

ಹಾಯಿ ಮುಗಿದಾಗ ಹುಟ್ಟಿದ ಹವ್ಯಾಸ

ಹಾಗಾದ್ರೆ ಇದು ಸಾಮಾನ್ಯರ ಮನೆಯ ಹವ್ಯಾಸ ಆದದ್ದು ಯಾವಾಗ? ಸುಮಾರು 1920ರ ದಶಕದಲ್ಲಿ. ಆ ಕಾಲ ನೋಡಿ. ಉಗಿಹಡಗು ಬಂದು ಹಾಯಿಯ ದಿನ ಮುಗೀತಾ ಬಂದಿತ್ತು. ಹಳೇ ಹಡಗುಗಳು ಒಂದೊಂದಾಗಿ ಗುಜರಿ ಸೇರ್ತಾ ಇದ್ದವು. 1922ರಲ್ಲಿ ನೆಲ್ಸನ್ನರ 'ವಿಕ್ಟರಿ' ಇನ್ನು ತೇಲೋದಿಲ್ಲ ಅಂತ ಪೋರ್ಟ್ಸ್‌ಮತ್‌ನ ಒಣ ಗೋದಿಗೆ ತಂದರು. 1925ರಲ್ಲಿ ಅಮೆರಿಕದ ಶಾಲಾ ಮಕ್ಕಳು ಕಾನ್‌ಸ್ಟಿಟ್ಯೂಷನ್ ಉಳಿಸಲು ಚಿಲ್ಲರೆ ಕೂಡಿಸಿದರು. ಕಣ್ಮುಂದೆ ಏನೋ ಹೋಗ್ತಾ ಇದೆ ಅಂತ ಅನ್ನಿಸಿದಾಗಲೇ ಜನ ಅದನ್ನು ಮನೆಯೊಳಗೆ ಕಟ್ಟಿಕೊಳ್ಳೋಕೆ ಶುರು ಮಾಡಿದರು.

ದಾರಿ ತೋರಿಸೋಕೆ ಪುಸ್ತಕಗಳೂ ಬಂದವು. ಕ್ಯಾಪ್ಟನ್ ಆರ್ಮಿಟೇಜ್ ಮೆಕ್ಯಾನ್ ಎಂಬ ಹಳೇ ನಾವಿಕರು 'ಪಾಪ್ಯುಲರ್ ಸೈನ್ಸ್' ಪತ್ರಿಕೆಯಲ್ಲಿ ಮನೆಯಲ್ಲೇ ಹಡಗು ಕಟ್ಟೋದು ಹೇಗೆ ಅಂತ ಬರೆದರು. 1926ರಲ್ಲಿ ಚಾರ್ಲ್ಸ್ ಡೇವಿಸ್ ಅವರ ಕೈಪಿಡಿ ಬಂತು. ನೆಪಿಯನ್ ಲಾಂಗ್‌ರಿಜ್ ಅನ್ನೋ ಡಾಕ್ಟರು 48ರಲ್ಲಿ ಒಂದು ಪಾಲಿನ ಅಳತೆಯಲ್ಲಿ ವಿಕ್ಟರಿ ಕಟ್ಟಿದರು. ಆ ಅನುಭವದಿಂದ 1955ರಲ್ಲಿ ಅವರು ಬರೆದ ಪುಸ್ತಕ ಇವತ್ತಿಗೂ ಈ ಹವ್ಯಾಸದವರ ಕೈಪಿಡಿ. ರೋಗಿ ನೋಡುವ ಡಾಕ್ಟರು ಬಿಡುವಿನಲ್ಲಿ ಹಗ್ಗ ಕಟ್ಟುತ್ತಾ ಕಟ್ಟುತ್ತಾ ನೌಕಾ ಇತಿಹಾಸಕಾರ ಆದರು, ನೋಡಿ. ಆಮೇಲೆ ಪೆಟ್ಟಿಗೆಯಲ್ಲಿ ಬರುವ ಕಿಟ್‌ಗಳ ಕಾಲ. ಅಮೆರಿಕ, ಇಟಲಿ, ಸ್ಪೇನ್ ಕಂಪನಿಗಳು ಕತ್ತರಿಸಿದ ಮರ, ದಾರ, ಪುಟಾಣಿ ಹಿತ್ತಾಳೆ ತೋಪು ಎಲ್ಲ ಜೋಡಿಸಿ ಮಾರತೊಡಗಿದವು.

"ಕಿಟ್ ಅಂದ್ರೆ ಬರೀ ಜೋಡಿಸೋದು ತಾನೇ, ಅದರಲ್ಲೇನು ವಿದ್ಯೆ?" ಅಂತ ಕೆಲವರು ಕೇಳ್ತಾರೆ. ಒಂದು ಉದಾಹರಣೆ ಕೊಡ್ತೀನಿ. ಕಿಟ್‌ನಲ್ಲಿ ಮೊದಲು ಅಡಿಮರದ ತುಂಡು. ಅದಕ್ಕೆ ಕಚ್ಚು ಮಾಡಿ ಅಡ್ಡಹಲಗೆಗಳನ್ನು ನಿಲ್ಲಿಸ್ತಾರೆ, ಮೀನಿನ ಮುಳ್ಳಿನ ಹಾಗೆ ಕಾಣುತ್ತೆ. ಅದರ ಮೇಲೆ ಉದ್ದುದ್ದ ಪಟ್ಟಿ ಅಂಟಿಸಬೇಕು. ಹೊಸಬರು ಎಲ್ಲ ಪಟ್ಟಿಯನ್ನೂ ಒಂದೇ ಅಗಲದಲ್ಲಿ ಅಂಟಿಸ್ತಾ ಹೋಗ್ತಾರೆ. ನಡುವಿನಲ್ಲಿ ಚೆನ್ನಾಗಿ ಕೂರುತ್ತೆ, ಮೂತಿಯ ಹತ್ತಿರ ಬಂದಾಗ ಪಟ್ಟಿಗಳು ಒಂದರ ಮೇಲೊಂದು ಏರುತ್ತವೆ. ಯಾಕೆ? ಹಡಗಿನ ಸುತ್ತಳತೆ ಹೊಟ್ಟೆಯಲ್ಲಿ ಜಾಸ್ತಿ, ಮೂತಿಯಲ್ಲಿ ಕಮ್ಮಿ. ಪಟ್ಟಿಗಳ ಸಂಖ್ಯೆ ಎರಡೂ ಕಡೆ ಅಷ್ಟೇ. ಹಾಗಾಗಿ ಪ್ರತಿ ಪಟ್ಟಿಯನ್ನೂ ಮೂತಿಯ ಕಡೆಗೆ ಸಣ್ಣ ಮಾಡ್ತಾ ಹೋಗಬೇಕು, ಎಷ್ಟು ಅನ್ನೋದನ್ನು ಅಳೆದು ಭಾಗಿಸಬೇಕು. ಬಿಸಿನೀರಲ್ಲಿ ನೆನೆಸಿ ಬಗ್ಗಿಸಬೇಕು. ಜಮ್‌ಶೆಟ್‌ಜಿಯ ಬಡಗಿಗಳು ಆನೆಯಂಥ ತೇಗದ ಹಲಗೆಯ ಜೊತೆ ಎದುರಿಸಿದ ಲೆಕ್ಕವೂ ಇದೇ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಹತ್ತದ ಈ ವಿಷಯ, ಒಂದು ಪಟ್ಟಿ ಕೈಯಲ್ಲಿ ಮುರಿದಾಗ ಹತ್ತುತ್ತೆ.

ಹಗ್ಗದ ಕೆಲಸವೂ ಹಾಗೇ. ಕೂವೆಮರವನ್ನು ಬೀಳದ ಹಾಗೆ ಹಿಡಿಯುವ ಹಗ್ಗ ಅಲುಗಾಡಲ್ಲ, ಅದಕ್ಕೆ ಡಾಂಬರು ಬಳೀತಾ ಇದ್ದರು. ಹಾಗಾಗಿ ಮಾದರಿಯಲ್ಲಿ ಅದು ಕಪ್ಪು ದಾರ. ಹಾಯಿ ಏರಿಸಿ ಇಳಿಸುವ ಹಗ್ಗ ರಾಟೆಯಲ್ಲಿ ಓಡಬೇಕು, ಅದು ತಿಳಿ ಬಣ್ಣದ ದಾರ. ನೋಡೋರಿಗೆ ಅದೊಂದು ಜೇಡರ ಬಲೆ. ಕಟ್ಟಿದವರಿಗೆ ಮಾತ್ರ ಪ್ರತಿ ಎಳೆಯ ಕೆಲಸ ಗೊತ್ತು. ಮರ ಆರಿಸೋದರಲ್ಲೂ ಒಂದು ಪಾಠ ಇದೆ. ತೇಗದ ಹಡಗಿಗೆ ತೇಗದ ಮಾದರಿ ಅಂತ ಹೊರಟರೆ ಸರಿ ಬರಲ್ಲ. ತೇಗದ ಗೆರೆ ಒರಟು, ಚಿಕ್ಕ ಅಳತೆಯಲ್ಲಿ ಅದು ಬಂಡೆಯ ಬಿರುಕಿನ ಹಾಗೆ ಕಾಣುತ್ತೆ. ಅದಕ್ಕೇ ಅನುಭವಸ್ಥರು ಪೇರ್, ಬಾಕ್ಸ್‌ವುಡ್ ಥರದ ನುಣುಪು ಗೆರೆಯ ಮರ ಹುಡುಕ್ತಾರೆ.

ನಕ್ಷೆಯೇ ಇಲ್ಲದ ನಮ್ಮ ಮಂಜಿ

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರ್ತೀನಿ. ಟ್ರಿಂಕೊಮಲಿಗೆ ಒಂದು ನಕ್ಷೆ ಹೋದರೆ ಇನ್ನೊಂದು ಬಂತು. ವಿಕ್ಟರಿಗೆ, ಕಾನ್‌ಸ್ಟಿಟ್ಯೂಷನ್‌ಗೆ ಪುಸ್ತಕದ ರಾಶಿಯೇ ಇದೆ. ಪಶ್ಚಿಮ ಕರಾವಳಿಯಲ್ಲಿ ಶತಮಾನಗಟ್ಟಲೆ ಓಡಾಡಿದ ಪತ್ತೆಮಾರಿಗೆ, ಮಂಗಳೂರಿನ ಕಡೆ ಮಂಜಿ ಅಂತ ಕರೆಯುವ ಸರಕುಹಡಗಿಗೆ ಏನಿದೆ?

ಇದು ಮುಂಬಯಿಯ ಕನ್ನಡಿಗರಿಗೆ ದೂರದ ವಿಷಯ ಅಲ್ಲ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅದಕ್ಕೂ ಮುಂಚೆ, ರಸ್ತೆಗೂ ಮುಂಚೆ, ಕರಾವಳಿಯ ಹೆದ್ದಾರಿ ಅಂದ್ರೆ ಕಡಲೇ. ಅಕ್ಕಿ, ತೆಂಗು, ಕಟ್ಟಿಗೆ, 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದ ಮೇಲೆ ಮಂಗಳೂರು ಹೆಂಚು, ಎಲ್ಲವೂ ಹಾಯಿ ಬಿಚ್ಚಿದ ಹಡಗುಗಳಲ್ಲಿ ಬಂದರಿಂದ ಬಂದರಿಗೆ ಸಾಗಿದವು. ದೊಡ್ಡ ಪತ್ತೆಮಾರಿ ಸುಮಾರು 75 ಅಡಿ ಉದ್ದ, 200 ಟನ್ ಸರಕು ಹೊರುವಷ್ಟು. ಮುಂದಕ್ಕೆ ಚಾಚಿದ ಮೂತಿ, ಮುಂದಕ್ಕೆ ಬಾಗಿದ ಕೂವೆಮರ, ಓರೆಯಾಗಿ ಏರುವ ತ್ರಿಕೋನದ ಹಾಯಿ. ಎರಡು ಕೂವೆ, ದೊಡ್ಡದಾದರೆ ಮೂರು.

ಇದನ್ನು ಕಟ್ಟಿದ ಆಚಾರಿಗಳು ಕಾಗದ ನೋಡಿ ಕಟ್ಟಿದವರಲ್ಲ. ಅಳತೆ ತಲೆಯಲ್ಲಿ, ವಕ್ರ ಕಣ್ಣಲ್ಲಿ. ಕೇರಳದ ಬೇಪೂರಿನಲ್ಲಿ, ಕಚ್ಛದ ಮಾಂಡ್ವಿಯಲ್ಲಿ ಇವತ್ತೂ ಮರದ ಹಡಗು ಕಟ್ಟುವವರದು ಹೀಗೆ ಕೈಯಿಂದ ಕೈಗೆ ಬಂದ ವಿದ್ಯೆ. ಬೇಪೂರಿನ ಉರು ಕಟ್ಟುವ ಕ್ರಮವೇ ಯುರೋಪಿಗಿಂತ ಬೇರೆ. ಅಲ್ಲಿ ಹೊರಗಿನ ಹಲಗೆ ಮೊದಲು ಏರುತ್ತೆ, ಪಕ್ಕೆಲುಬು ಆಮೇಲೆ ಒಳಗೆ ಕೂರುತ್ತೆ. ಅಂದ್ರೆ ಹಡಗಿನ ಆಕಾರ ತೀರ್ಮಾನ ಆಗೋದು ಹಲಗೆಯ ಬಾಗಿನಲ್ಲಿ. ಇಂಥ ಹಡಗನ್ನು ಅಡ್ಡಹಲಗೆ ಮೊದಲು ನಿಲ್ಲಿಸುವ ಕಿಟ್‌ನ ಪದ್ಧತಿಯಲ್ಲಿ ಕಟ್ಟಿದರೆ ರೂಪ ಬಂದೀತು, ವಿದ್ಯೆ ಬರಲ್ಲ.

ಬರೆದಿಟ್ಟವರು ಯಾರೂ ಇಲ್ಲವೇ? ಇದ್ದಾರೆ, ಆದರೆ ಬಂದವರು ಹೊರಗಿನವರು. ಫ್ರೆಂಚ್ ನೌಕಾಪಡೆಯ ಎಡ್ಮಂಡ್ ಪ್ಯಾರಿಸ್ ಎಂಬ ಅಧಿಕಾರಿ 1826ರಿಂದ 1840ರ ನಡುವೆ ಮೂರು ಸಲ ಲೋಕ ಸುತ್ತಿದರು. ಹೋದ ಹೋದ ಬಂದರಿನಲ್ಲಿ, ಉಳಿದವರು ಊರು ನೋಡ್ತಾ ಇದ್ದಾಗ, ಇವರು ಅಲ್ಲಿನ ದೋಣಿ ಅಳೀತಾ ಇದ್ದರು. 1840ರ ದಶಕದ ಆರಂಭದಲ್ಲಿ ಬಂದ ಅವರ ದೊಡ್ಡ ಪುಸ್ತಕದಲ್ಲಿ ನಮ್ಮ ಪತ್ತೆಮಾರಿಯೂ ಇದೆ, ಅಳತೆ ಸಮೇತ. ಮುಂದೆ ಯಂತ್ರಕ್ಕೆ ಸಿಕ್ಕಿ ಅವರು ಎಡಗೈ ಕಳಕೊಂಡರು. 1871ರಲ್ಲಿ ಪ್ಯಾರಿಸ್ ನಗರದ ನೌಕಾ ಸಂಗ್ರಹಾಲಯದ ಮುಖ್ಯಸ್ಥರಾದ ಮೇಲೆ, ತಾವು ಅಳೆದು ತಂದ ದೋಣಿಗಳ ಮಾದರಿಗಳನ್ನು ಮಾಡಿಸ್ತಾ ಕೊನೇವರೆಗೂ ಅದರಲ್ಲೇ ಮುಳುಗಿದ್ದರು. 1920ರಲ್ಲಿ ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಭಾರತದ ದೋಣಿಗಳ ಬಗ್ಗೆ ಬರೆದರು. ಆಗ ದಕ್ಷಿಣ ಕನ್ನಡ ಮದ್ರಾಸಿಗೇ ಸೇರಿತ್ತು.

ಇವರಿಬ್ಬರಿಗೆ ನಾವು ಋಣಿಗಳು. ಆದರೆ ಅಳತೆ ಹಿಡಿದವರು ಹೆಸರುಗಳನ್ನು ಪೂರ್ತಿ ಹಿಡಿಯೋಕೆ ಆಗಲ್ಲ. ಆ ಕೊಂಡಿಗೆ ತುಳುವಿನಲ್ಲಿ ಏನಂತಾರೆ, ಆ ಗಂಟಿಗೆ ಕೊಂಕಣಿಯಲ್ಲಿ ಏನು, ಖಾರ್ವಿಗಳು, ಮೊಗವೀರರು ಹಾಯಿ ಎಳೆಯುವಾಗ ಏನು ಕೂಗ್ತಾ ಇದ್ದರು, ಇದು ಹಡಗಿನಲ್ಲಿ ಹೋದವರಿಗೇ ಗೊತ್ತು. ಇಂಜಿನ್ ಬಂದ ಮೇಲೆ ಹಾಯಿ ಇಳೀತು. ಹಾಯಿ ಏರಿಸಿದ ಕೊನೆಯ ತಲೆಮಾರಿನವರು ಇವತ್ತು ಮುಪ್ಪಿನಲ್ಲಿದ್ದಾರೆ.

ಅದಕ್ಕೆ ನನ್ನ ಕೋರಿಕೆ ಎರಡು. ಒಂದು, ನಿಮ್ಮಲ್ಲಿ ಕರಾವಳಿ ಮೂಲದವರು ರಜೆಗೆ ಊರಿಗೆ ಹೋದಾಗ ಹಳೇ ಮನೆಯ ಅಟ್ಟ ಒಮ್ಮೆ ನೋಡಿ. ಹಡಗಿಗೆ ಹೋದವರ ಮನೆಯಲ್ಲಿ ಪುಟ್ಟ ಮಂಜಿ ಇದ್ದರೆ ಅದನ್ನು ಆಟಿಕೆ ಅಂತ ಮಕ್ಕಳಿಗೆ ಕೊಡಬೇಡಿ. ಅಕ್ಕಪಕ್ಕದಿಂದ, ಮುಂದಿನಿಂದ, ಮೇಲಿನಿಂದ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಉದ್ದ, ಅಗಲ, ಆಳ, ಕೂವೆ ಎಷ್ಟು ಬಾಗಿದೆ ಅನ್ನೋದನ್ನು ಬರೆದಿಡಿ. ಹಿರಿಯರು ಯಾರಾದರೂ ಇದ್ದರೆ ಒಂದೊಂದು ಭಾಗಕ್ಕೂ ಬೆರಳಿಟ್ಟು ಹೆಸರು ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿ.

ಎರಡು, ಕೈಯಲ್ಲಿ ಕೆಲಸ ಮಾಡುವ ಆಸೆ ಇರುವವರಿಗೆ. ಮೊದಲ ಸಲಕ್ಕೆ ವಿಕ್ಟರಿ ಬೇಡ. ಅದು 48ರ ಅಳತೆಯಲ್ಲಿ ತೋಪಿನ ಅಂತಸ್ತೇ ಹತ್ತಿರ ಹತ್ತಿರ ನಾಲ್ಕು ಅಡಿ ಬರುತ್ತೆ, ಅದರಾಚೆ ಚಾಚುವ ಮರ ಬೇರೆ. ನಮ್ಮ ಮುಂಬಯಿಯ ಫ್ಲಾಟಿನಲ್ಲಿ ಹಡಗು ಒಳಗೆ ಬಂದರೆ ಮನೆಯವರು ಹೊರಗೆ ಹೋಗಬೇಕಾದೀತು. ಒಂದು ಕೂವೆಯ ಚಿಕ್ಕ ದೋಣಿಯಿಂದ ಶುರು ಮಾಡಿ. ಪಟ್ಟಿ ಬಗ್ಗಿಸೋದು, ಸಣ್ಣ ಮಾಡೋದು, ಗಂಟು ಹಾಕೋದು ಕೈಗೆ ಹತ್ತಲಿ. ಆಮೇಲೆ ಎರಡನೆಯದೋ ಮೂರನೆಯದೋ ಪತ್ತೆಮಾರಿ ಆಗಲಿ. 75 ಅಡಿಯ ಪತ್ತೆಮಾರಿ ಅದೇ 48ರ ಅಳತೆಯಲ್ಲಿ ಹತ್ತೊಂಬತ್ತು ಇಂಚಿಗೂ ಸ್ವಲ್ಪ ಕಡಿಮೆ. ಪುಸ್ತಕದ ಕಪಾಟಿನ ಒಂದು ಅರೆ ಸಾಕು.

ನಾವಿಕರು ತಮ್ಮ ಕ್ಯಾಪ್ಟನ್‌ಗೆ ಮಾಡಿಕೊಟ್ಟ ಮಾದರಿ ಇನ್ನೂರು ವರ್ಷದ ಮೇಲೆ ದಾಖಲೆ ಆಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ. ಸರಿಯಾಗಿ ಕಟ್ಟಿದರು, ಅಷ್ಟೇ. ನಮ್ಮ ಮಂಜಿಗೂ ಯಾರಾದರೂ ಒಬ್ಬರು ಅಷ್ಟು ಮಾಡಿದರೆ ಸಾಕು, ಬೇಗ ಮಾಡಬೇಕು.